ಮುಗಿಸಿದರೆ ಜಾತಕ ಬರುತ್ತೆ

ನಾನು ಆಪ್ತಸಲಹೆಗಾರ್ತಿ. ಓದಿನ ಕೊನೆಯ ಕೆಲಸ ಮುಗಿಸಲಾಗದೆ ಒದ್ದಾಡುವವರು ಎರಡು ವರ್ಷದಲ್ಲಿ ಮೂವರು ನನ್ನ ಬಳಿ ಬಂದರು. ಮೂವರೂ ಸೃಜನಶೀಲ ಬರವಣಿಗೆಯಲ್ಲಿ ಎಂ.ಎ. ಓದುವವರು. ಮೂವರದ್ದೂ ಕೊನೆಯ ಪ್ರಾಜೆಕ್ಟ್ ಬಾಕಿ. ಒಬ್ಬಳ ವಿಷಯ ಬರೆಯುತ್ತೇನೆ, ಗುರುತು ಸಿಗದಂತೆ ಬದಲಿಸಿ.

ಬನಶಂಕರಿಯಿಂದ ಮೆಟ್ರೋ ಹತ್ತಿ ಜಯನಗರಕ್ಕೆ ಬರುತ್ತಿದ್ದಳು. ಕೊಡಬೇಕಾದ್ದು ಆರು ಕತೆ, ಜೊತೆಗೆ ತನ್ನ ಬರವಣಿಗೆ ಬಗ್ಗೆ ತಾನೇ ಬರೆದ ಲೇಖನ, ಆಮೇಲೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಐದು ಕತೆ ಮುಗಿದು ವರ್ಷವಾಗಿತ್ತು. ಅವನ್ನೇ ತಿದ್ದುತ್ತಾ ಕೂತಿದ್ದಳು. ಅಪ್ಪ ಕನ್ನಡ ಮೇಷ್ಟ್ರು. "ಪಂಪ ಆರೇ ತಿಂಗಳಲ್ಲಿ ಭಾರತ ಮುಗಿಸಿದ, ನಿನಗೆ ಆರು ಕತೆ ಆಗಲ್ವಾ?" ಅಂತ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರಂತೆ. (ಪಂಪ ಹಾಗೆ ಹೇಳಿಕೊಂಡಿದ್ದು ನಿಜ. ಆದರೆ ಅವನ ಬೆನ್ನಿಗೆ ಆಶ್ರಯ ಕೊಟ್ಟ ದೊರೆ ಅರಿಕೇಸರಿ ಇದ್ದ, ಗೈಡ್ ಇರಲಿಲ್ಲ.)

ಮೊದಲ ಮೂರು ಭೇಟಿಯಲ್ಲಿ ನಾನೂ ಎಡವಿದೆ. ಎಲ್ಲ ಚೆನ್ನಾಗಿಯೇ ಬರಬೇಕೆಂಬ ಹಟ ಇದು ಅಂದುಕೊಂಡು, ದಿನಕ್ಕೊಂದು ಪುಟ ಅಂತ ಲೆಕ್ಕ ಹಾಕಿಕೊಟ್ಟೆ. ಒಂದು ಸಾಲೂ ಬರಲಿಲ್ಲ.

ನಾಲ್ಕನೇ ಸಲ ಸುಮ್ನೆ ಕೇಳಿದೆ: "ಬೈಂಡಿಂಗ್ ಮಾಡಿಸಿ ಕೊಟ್ಟು ಬಂದೆ ಅಂದ್ಕೋ. ಮಾರನೇ ದಿನ ಏನಾಗುತ್ತೆ?"

"ಮನೆಗೆ ಜಾತಕ ಬರುತ್ತೆ ಮೇಡಂ" ಅಂದಳು. ಹೇಳಿ ನಕ್ಕಳು. ಆಮೇಲೆ ನಗು ನಿಂತಿತು. "ಈಗ ಯಾರೇ ಕೇಳಿದ್ರೂ ಅಮ್ಮ, ಅವಳದು ಪ್ರಾಜೆಕ್ಟ್ ನಡೀತಿದೆ ಅಂತಾರೆ. ಆರನೇ ಕತೆ ಬರೆದ್ರೆ ಅಮ್ಮನಿಗೆ ಹೇಳೋಕೆ ಏನೂ ಉಳಿಯಲ್ಲ."

ನಾನು ನೇರವಾಗಿ ಹೇಳಿದೆ. ಮದುವೆ ಈಗ ಬೇಡ ಅನ್ನೋದನ್ನ ಅಪ್ಪನಿಗೆ ನೀನೇ ಹೇಳು, ಪ್ರಾಜೆಕ್ಟ್ ಕೊಡೋ ಮೊದಲೇ. ಅಮ್ಮನನ್ನು ಪಕ್ಕದಲ್ಲಿ ಕೂರಿಸ್ಕೋ. ಐದು ಕತೆ ಇವತ್ತೇ ಗೈಡ್‌ಗೆ ಕಳಿಸಿಬಿಡು, ಕೈಯಲ್ಲಿದ್ದರೆ ತಿದ್ದುತ್ತೀಯ. ಆರನೆಯದು ಹೇಗಿದ್ದರೂ ಸರಿ. ಇದು ಪರೀಕ್ಷೆ, ಪುಸ್ತಕ ಮಾಡುವಾಗ ನೋಡಿಕೊಳ್ಳಬಹುದು.

ಆಪ್ತಸಲಹೆಗಾರರು ಹೀಗೆ ಮಾಡು ಅನ್ನಬಾರದು, ಕೇಳಿಸಿಕೊಳ್ಳಬೇಕು ಅಂತ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ಆ ಪಾಠ ನಾನೂ ಓದಿದ್ದೇನೆ. ಆದರೆ ಎರಡು ಸಲ ಮುಂದಕ್ಕೆ ಹೋದ ಗಡುವಿಗೆ ಉಳಿದಿದ್ದು 19 ದಿನ. ಮನೆಯಲ್ಲಿ ಆಡಬೇಕಾದ ಮಾತನ್ನು ಕತೆಯ ತಲೆಗೆ ಹೊರಿಸಿದರೆ ಅದು ಹೇಗೆ ಏಳುತ್ತೆ? ಪಿಎಚ್.ಡಿ. ಎಳೆಯುತ್ತಿರುವವರಲ್ಲೂ ಇದನ್ನೇ ನೋಡಿದ್ದೇನೆ. ಅಪ್ಪ ಅಮ್ಮಂದಿರಿಗೂ ಹೇಳಬೇಕು: "ಯಾವಾಗ ಮುಗಿಯುತ್ತೆ" ಅಂತ ಕೇಳುವ ಮೊದಲು, ಮುಗಿದ ಮೇಲೆ ನೀವು ಏನು ಕೇಳಲಿದ್ದೀರಿ ಅಂತ ಸ್ವಲ್ಪ ಯೋಚಿಸಿ.

ಅಪ್ಪ ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ ಊಟಕ್ಕೆ ಕೂತಾಗ ಪಂಪನ ಸುದ್ದಿ ಎತ್ತಲಿಲ್ಲವಂತೆ. ಗಡುವಿನ ಹಿಂದಿನ ರಾತ್ರಿ ಅವಳು ಆರನೇ ಕತೆ ಮುಗಿಸಿದಳು. ಆರರಲ್ಲಿ ಅದೇ ಸಪ್ಪೆ ಅಂದರಂತೆ ಗೈಡ್.