ಮುಂದಿನ ವಾರ ಅರಿವಳಿಕೆ ಇಲ್ಲದೆ ಹಿಸ್ಟರೋಸ್ಕೋಪಿ (ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವುದು), ಬಯಾಪ್ಸಿ (ಒಂದು ಚೂರು ತೆಗೆದು ಪರೀಕ್ಷಿಸುವುದು) ಇದೆ. ನೋವು ತಡೆದುಕೊಳ್ಳಲು ಮನಸ್ಸನ್ನು ಹೇಗೆ ಗಟ್ಟಿ ಮಾಡಿಕೊಳ್ಳಲಿ?

"ಇರುವೆ ಕಚ್ಚಿದಷ್ಟೇ" ಎಂದು ಡಾಕ್ಟರ್ ಹೇಳಿದ್ದಾರೆ, ನನಗೆ ನೋವು ತಡೆಯುವ ಶಕ್ತಿ ಕಡಿಮೆ, ಉಸಿರಾಟವೋ ಧ್ಯಾನವೋ ಏನಾದರೂ ಹೇಳಿಕೊಡಿ ಎಂದು ಬರೆದಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ರಾತ್ರಿ ಕೂತು ಇದನ್ನೇ ಹುಡುಕುತ್ತಿದ್ದೆ. ಉಸಿರಾಟ ಕಲಿತೆ ಕೂಡ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಒಂದು ವಾರ ಅಭ್ಯಾಸ ಮಾಡಿದೆ. ಅದೇ ಉಸಿರಾಟ ನನ್ನನ್ನು ಕೆಡಿಸಿತು. ಹೇಗೆ ಅಂತ ಹೇಳುತ್ತೇನೆ.

ಆಗ ನನಗೆ 39. ಮುಟ್ಟು ಬಂದರೆ ಹನ್ನೆರಡು ದಿನವಾದರೂ ನಿಲ್ಲುತ್ತಿರಲಿಲ್ಲ. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ ದಪ್ಪ ಕಂಡಿತು. ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಇಲ್ಲೇ ಓಪಿಡಿಯಲ್ಲಿ ಐದು ನಿಮಿಷದ ಕೆಲಸ ಅಂದರು. ಅಕ್ಕ ಜೊತೆಗೆ ಬಂದಿದ್ದಳು. ಅವಳನ್ನು ಹೊರಗೆ ಕೂರಿಸಿದರು.

ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಹಾಕಿದರು. ಅದೇನೂ ಅಷ್ಟು ಕಷ್ಟವಾಗಲಿಲ್ಲ. ಆಮೇಲೆ ಗರ್ಭಕೋಶದ ಬಾಯಿ ಅಲುಗಾಡದ ಹಾಗೆ ಚಿಮಟದಂಥದ್ದರಿಂದ ಹಿಡಿದರು. ಅದರ ತುದಿಯಲ್ಲಿ ಎರಡು ಚೂಪು ಕೊಕ್ಕೆ ಇರುತ್ತವೆ. ಟೆನಾಕ್ಯುಲಮ್ ಅಂತ ಹೆಸರು, ನನಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು. ಅದಾದ ಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕೊಳವೆ ಒಳಗೆ ಹೋಯಿತು. ಗರ್ಭಕೋಶದ ಮೇಲ್ತುದಿ ತಾಗಿದಾಗ ಇಡೀ ವರ್ಷದ ಮುಟ್ಟಿನ ನೋವನ್ನು ಒಂದೇ ಮುಷ್ಟಿಯಲ್ಲಿ ಹಿಡಿದು ಹಿಂಡಿದ ಹಾಗಾಯಿತು. ಸೊಂಟದಿಂದ ತೊಡೆಗೆ ಇಳಿಯಿತು. ಕಿವಿಯಲ್ಲಿ ಗುಂಯ್ ಎಂದಿತು.

ಡಾಕ್ಟರ್ ಕೇಳಿದರು, "ನೋವಾಗ್ತಿದೆಯಾ?"

ನಾನು ಹೇಳಿದೆ, "ಸ್ವಲ್ಪ."

ನನ್ನ ತಪ್ಪು ಅದು. ಒಂದೇ ಪದ. ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ದಯವಿಟ್ಟು ಓದಿ. ಯಾಕೆಂದರೆ ಮುಂದಿನ ವಾರ ನಿಮ್ಮ ಬಾಯಿಂದಲೂ ಅದೇ ಬರುತ್ತದೆ.

ಯಾಕೆ ಹಾಗಂದೆ? ಬಟ್ಟೆ ಸರಿಸಿ, ಕಾಲು ಮೇಲೆತ್ತಿ ಮಲಗಿದಾಗ ದೊಡ್ಡ ದನಿ ಬರುವುದಿಲ್ಲ. ಹೊರಗೆ ಹತ್ತಾರು ಜನ ಕಾಯುತ್ತಿದ್ದರು. ಡಾಕ್ಟರ್ ಮೇಡಂ ಒಳ್ಳೆಯವರು, ಪಾಪ, ಮೆಲ್ಲಗೇ ಮಾಡುತ್ತಿದ್ದರು. ಅವರಿಗೆ ಬೇಜಾರಾಗುತ್ತದೆ ಅನಿಸಿತು. ನಿಲ್ಲಿಸಿ ಅಂದರೆ ಇದನ್ನೆಲ್ಲ ಇನ್ನೊಂದು ದಿನ ಮೊದಲಿನಿಂದ ಅನುಭವಿಸಬೇಕಲ್ಲ ಎಂದೂ ಅನಿಸಿತು. ಎರಡು ಹೆತ್ತವಳು ಇಷ್ಟಕ್ಕೆ ಕೂಗುತ್ತಾಳಾ ಎಂದು ಪಕ್ಕದಲ್ಲಿದ್ದ ಸಿಸ್ಟರ್ ಅಂದುಕೊಂಡರೆ? ಇಷ್ಟೆಲ್ಲ ಎರಡು ಸೆಕೆಂಡಿನಲ್ಲಿ ತಲೆಗೆ ಬಂತು. ಸಣ್ಣವಳಿದ್ದಾಗಿನಿಂದ ಮುಟ್ಟಿನ ಹೊಟ್ಟೆನೋವಿಗೆ ಯಾರು ಕೇಳಿದರೂ "ಸ್ವಲ್ಪ" ಅಂತಲೇ ಹೇಳಿ ಅಭ್ಯಾಸ. ಆ ಅಭ್ಯಾಸವೇ ಉತ್ತರ ಕೊಟ್ಟಿತು.

ಮತ್ತೆ ಆ ಉಸಿರಾಟ. ಅಭ್ಯಾಸ ಮಾಡಿದ್ದೆನಲ್ಲ, ಚೆನ್ನಾಗಿ ಕೆಲಸ ಮಾಡಿತು. ಮುಖ ಶಾಂತವಾಗಿತ್ತು, ಕೈ ಸಡಿಲವಾಗಿತ್ತು. ನೋವು ಮಾತ್ರ ಒಂದು ಚೂರೂ ಕಡಿಮೆಯಾಗಿರಲಿಲ್ಲ. ನೋಡುವವರಿಗೆ ಕಾಣದ ಹಾಗೆ ನಾನೇ ಅದನ್ನು ಮುಚ್ಚಿಟ್ಟಿದ್ದೆ. "ಸ್ವಲ್ಪ" ಎನ್ನುವ ಮಾತು, ಶಾಂತ ಮುಖ, ಎರಡೂ ಸೇರಿದರೆ ಯಾವ ಡಾಕ್ಟರ್ ತಾನೇ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ?

ಇದು ನನ್ನೊಬ್ಬಳ ಕತೆಯಲ್ಲ. ಗರ್ಭಕೋಶದೊಳಗೆ ಐಯುಡಿ, ಅಂದರೆ ಕಾಪರ್ ಟಿ ಥರದ್ದನ್ನು, ಹಾಕುವಾಗಿನ ನೋವನ್ನು ಅಳೆದ ಒಂದು ಅಧ್ಯಯನ 2014ರಲ್ಲಿ ಬಂತು. 100ರ ಅಳತೆಯಲ್ಲಿ ಮಹಿಳೆಯರು ಕೊಟ್ಟ ಅಂಕ ಸರಾಸರಿ 65ರ ಹತ್ತಿರ. ಅದೇ ನೋವಿಗೆ ಅದನ್ನು ಹಾಕಿದವರ ಅಂದಾಜು 35ರ ಹತ್ತಿರ. ಹೆಚ್ಚುಕಡಿಮೆ ಅರ್ಧ. ಕಾಲಿನ ಕಡೆ ಕೂತವರಿಗೆ ನಮ್ಮ ಮುಖವೇ ಸರಿಯಾಗಿ ಕಾಣುವುದಿಲ್ಲ, ಅಲ್ವಾ?

ಆ "ಸ್ವಲ್ಪ"ದ ಬೆಲೆ ನನಗೆ ಎರಡು ಕಂತಿನಲ್ಲಿ ಬಂತು.

ಒಂದು, ತೆಗೆದ ಚೂರು ಸಾಲಲಿಲ್ಲ. ಎರಡು ವಾರ ಕಾದ ಮೇಲೆ ರಿಪೋರ್ಟ್‌ನಲ್ಲಿ ಇದ್ದದ್ದು ಅಷ್ಟೇ. ಈ ಬಯಾಪ್ಸಿಯಲ್ಲಿ ಕೆಲವೊಮ್ಮೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ. ಸರಿ, ಈಗ ಕ್ಯಾಮೆರಾ ಹಾಕಿ ನೋಡಿಯೇ ತೆಗೆಯೋಣ, ಹಿಸ್ಟರೋಸ್ಕೋಪಿ ಮಾಡೋಣ ಅಂದರು.

ಎರಡನೆಯದು ದೊಡ್ಡದು. ಅವತ್ತು ಬೇರೆ ಡಾಕ್ಟರ್ ಇದ್ದರು. ಹೋದ ಸಲ ತುಂಬಾ ನೋವಾಯಿತು ಎಂದೆ. ಅವರು ಫೈಲ್ ತಿರುಗಿಸಿ ನೋಡಿದರು. "ಆರಾಮಾಗಿ ಮಾಡಿಸಿಕೊಂಡಿದ್ದೀರಿ ಅಂತ ಇದೆಯಲ್ಲ" ಎಂದರು. ರೋಗಿ ಚೆನ್ನಾಗಿ ಸಹಿಸಿಕೊಂಡರು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ನನ್ನ "ಸ್ವಲ್ಪ" ಹಾಗೆ ದಾಖಲಾಗಿತ್ತು! ಎದುರಿಗೆ ಕೂತು ಹೇಳುವ ನನ್ನ ಮಾತಿಗಿಂತ ಆ ಸಾಲಿಗೆ ತೂಕ ಜಾಸ್ತಿ. ನಾನು ಮತ್ತೆ ವಾದ ಮಾಡಲಿಲ್ಲ, ಸಹಿ ಹಾಕಿದೆ.

ಹಿಸ್ಟರೋಸ್ಕೋಪಿಯಲ್ಲಿ ಒಳಗೆ ಸಲೈನ್ ನೀರು ಬಿಟ್ಟು ಗರ್ಭಕೋಶವನ್ನು ಹಿಗ್ಗಿಸುತ್ತಾರೆ, ಇಲ್ಲದಿದ್ದರೆ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಆ ನೀರು ತುಂಬುವಾಗ ನನ್ನ ಉಸಿರಾಟವೆಲ್ಲ ಮರೆತುಹೋಯಿತು. ಮೈ ಬೆವರಿತು, ವಾಕರಿಕೆ ಬಂತು, ಕಣ್ಣು ಕತ್ತಲಾಯಿತು. ಎಚ್ಚರವಾದಾಗ ಕಾಲು ಎತ್ತರಿಸಿ ಮಲಗಿಸಿದ್ದರು, ಅಕ್ಕ ಕೈ ಹಿಡಿದುಕೊಂಡು ನಿಂತಿದ್ದಳು. ಗರ್ಭಕೋಶದ ಬಾಯಿಯನ್ನು ಎಳೆದಾಗ, ಹಿಗ್ಗಿಸಿದಾಗ ಕೆಲವರಿಗೆ ನಾಡಿಬಡಿತ, ಬಿಪಿ ತಟ್ಟನೆ ಬಿದ್ದು ಹೀಗಾಗುತ್ತದೆ. ಪರೀಕ್ಷೆ ಅರ್ಧಕ್ಕೆ ನಿಂತಿತ್ತು.

ಆಮೇಲೆ ನಾಲ್ಕು ತಿಂಗಳು ನಾನು ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ. ಒಳಗೆ ಏನಿದೆಯೋ ಎಂಬ ಭಯ ಒಂದು ಕಡೆ. ಆ ಟೇಬಲ್ ನೆನಪಾದರೆ ಕೈ ನಡುಗುತ್ತಿತ್ತು, ಅದು ಇನ್ನೊಂದು ಕಡೆ. ರಕ್ತ ಹೋಗುತ್ತಲೇ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7.8ಕ್ಕೆ ಇಳಿದಾಗ ಅಕ್ಕ ನನ್ನ ಮಾತು ಕೇಳದೆ ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು.

ಆ ಡಾಕ್ಟರ್ ಫೈಲ್ ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, "ಹತ್ತಕ್ಕೆ ಎಷ್ಟು ನೋವಿತ್ತು?" ನಾನು ಒಂಬತ್ತು ಎಂದೆ. ಹೇಳಿದ ತಕ್ಷಣ ಅಳು ಬಂತು. ಅಷ್ಟು ತಿಂಗಳಲ್ಲಿ ಆ ಸಂಖ್ಯೆಯನ್ನು ಒಬ್ಬರಿಗೂ ಹೇಳಿರಲಿಲ್ಲ.

ಅವರು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ಗರ್ಭಕೋಶದ ಬಾಯಿಯ ನೋವು ಬೆನ್ನುಹುರಿಯ ಕೆಳಗಿನ ನರಗಳಿಂದ ಹೋಗುತ್ತದೆ, ಮೇಲ್ಭಾಗದ ನೋವು ಅದಕ್ಕಿಂತ ಮೇಲಿನ ನರಗಳಿಂದ. ಅದಕ್ಕೇ ಬಾಯಿಯ ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಹಿಡಿಯುವ, ಹಿಗ್ಗಿಸುವ ನೋವು ತಗ್ಗುತ್ತದೆ, ಮೇಲಿನ ಹಿಂಡುವ ನೋವು ಪೂರ್ತಿ ಹೋಗುವುದಿಲ್ಲ. ಆ ಇಂಜೆಕ್ಷನ್ ಕೂಡ ಚುಚ್ಚುವಾಗ ಉರಿಯುತ್ತದೆ, ಸುಳ್ಳು ಹೇಳಲ್ಲ ಎಂದರು. ಆ ಒಂದು ಮಾತಿನಿಂದ ನನಗೆ ಅವರ ಮೇಲೆ ನಂಬಿಕೆ ಬಂತು. ನನ್ನ ಎರಡೂ ಹೆರಿಗೆ ಸಿಸೇರಿಯನ್. ಹಾಗಾಗಿ ದಾರಿ ಇಕ್ಕಟ್ಟಾಗಿರಬಹುದು, ನೋವು ಜಾಸ್ತಿಯಾಗಲು ಅದೂ ಕಾರಣವಿರಬಹುದು ಎಂದರು. ಮೊದಲಿನವರು ಯಾರೂ ಇದನ್ನು ಕೇಳಿಯೇ ಇರಲಿಲ್ಲ.

ಮೊದಲು ಡ್ರಿಪ್‌ನಲ್ಲಿ ಕಬ್ಬಿಣಾಂಶ ಕೊಟ್ಟರು. ಆಮೇಲೆ ಪೂರ್ತಿ ಅರಿವಳಿಕೆಯಲ್ಲಿ ಹಿಸ್ಟರೋಸ್ಕೋಪಿ. ಹಿಂದಿನ ರಾತ್ರಿಯಿಂದ ಉಪವಾಸ, ಇಪ್ಪತ್ತು ನಿಮಿಷದ ಕೆಲಸ, ಎದ್ದಾಗ ಮುಟ್ಟಿನ ಮೊದಲ ದಿನದಷ್ಟು ಹೊಟ್ಟೆ ಹಿಡಿತ. ಅಷ್ಟೇ. ಎರಡು ಸೆಂಟಿಮೀಟರ್‌ನ ಒಂದು ಪಾಲಿಪ್, ಅಂದರೆ ಒಳಪದರದಲ್ಲಿ ಬೆಳೆದ ಗಂಟಿನಂಥದ್ದು, ಇತ್ತು, ಕ್ಯಾನ್ಸರ್ ಅಲ್ಲ. ಅದನ್ನು ತೆಗೆದ ಮೇಲೆ ರಕ್ತಸ್ರಾವ ಹತೋಟಿಗೆ ಬಂತು. ಇದು ಮೊದಲ ತಿಂಗಳೇ ಆಗಬಹುದಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮನಸ್ಸು ಗಟ್ಟಿ ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನಗೆ ಅನಿಸುತ್ತದೆ, ತಪ್ಪು ತಿಳಿಯಬೇಡಿ. ನೋವು ತಡೆಯುವ ಶಕ್ತಿ ಕಡಿಮೆ ಎಂದು ನಿಮಗೆ ಹೇಳಿದವರು ಯಾರು? ಹಲ್ಲು ಕೀಳಿಸಲು ಹೋದಾಗ ಉಸಿರಾಟ ಕಲಿತು ಬನ್ನಿ ಎನ್ನುತ್ತಾರಾ? ಮೊದಲು ಇಂಜೆಕ್ಷನ್ ಕೊಡುತ್ತಾರೆ. ಅಲ್ಲಿ ಯಾರೂ ನಮ್ಮ ಶಕ್ತಿ ಅಳೆಯುವುದಿಲ್ಲ. ಇಲ್ಲಿ ಮಾತ್ರ ತಡೆದುಕೊಳ್ಳುವುದು ನಮ್ಮ ಕೆಲಸ ಎಂದು ನಾವೇ ಒಪ್ಪಿಕೊಂಡು ಹೋಗುತ್ತೇವೆ.

ಹೆದರಿಸಲು ಬರೆಯುತ್ತಿಲ್ಲ. ಅರಿವಳಿಕೆ ಇಲ್ಲದೆ ಮಾಡಿಸಿಕೊಂಡು ನಡೆದುಕೊಂಡೇ ಮನೆಗೆ ಹೋದವರು ಬಹಳ ಜನ ಇದ್ದಾರೆ. ನಿಮಗೂ ಹಾಗೇ ಆಗಬಹುದು. ಆದರೆ ಯಾರಿಗೆ ಎಷ್ಟು ನೋವಾಗುತ್ತದೆ ಎಂದು ಮೊದಲೇ ಖಚಿತವಾಗಿ ಹೇಳಲು ಆಗುವುದಿಲ್ಲ. ಹಾಗಿರುವಾಗ "ಇರುವೆ ಕಚ್ಚಿದಷ್ಟೇ" ಎಂಬ ಭರವಸೆ ಮೇಲೆ ಹೋಗಬೇಡಿ.

ನಾಳೆಯೇ ಫೋನ್ ಮಾಡಿ. "ನೋವಾಗುತ್ತಾ?" ಎಂದು ಕೇಳಬೇಡಿ, "ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. "ನೋವಿಗೆ ಏನು ಕೊಡುತ್ತೀರಿ?" ಎಂದು ಕೇಳಿ. ಟೆನಾಕ್ಯುಲಮ್ ಬಳಸುತ್ತೀರಾ? ಸ್ಪೆಕ್ಯುಲಮ್, ಕೊಕ್ಕೆ ಎರಡೂ ಇಲ್ಲದೆ ಸಣ್ಣ ಕ್ಯಾಮೆರಾವನ್ನು ನೇರವಾಗಿ ಹಾಕುವ ವಿಧಾನ ಇದೆ, ನೋವು ಕಡಿಮೆ. ಅದು ನಿಮ್ಮಲ್ಲಿ ಮಾಡುತ್ತೀರಾ? ಮರಗಟ್ಟುವ ಇಂಜೆಕ್ಷನ್ ಕೊಡುತ್ತೀರಾ? ಬೇಕು ಅಂದರೆ ಅರಿವಳಿಕೆಯಲ್ಲಿ ಮಾಡಲು ಆಗುತ್ತಾ? ಅರಿವಳಿಕೆಗೆ ಅದರದ್ದೇ ಅಪಾಯ ಇದೆ, ಅವತ್ತು ಜೊತೆಗೆ ಒಬ್ಬರು ಬೇಕು, ಒಂದು ದಿನ ಗಾಡಿ ಓಡಿಸುವಂತಿಲ್ಲ. ಬಿಪಿ, ಹೃದಯದ ತೊಂದರೆ ಇದ್ದರೆ ಅದನ್ನೆಲ್ಲ ಡಾಕ್ಟರ್ ನೋಡಿ ಹೇಳಬೇಕು. ಒಂದು ಗಂಟೆ ಮುಂಚೆ ಐಬುಪ್ರೊಫೆನ್ ಥರದ ಮಾತ್ರೆ ತೆಗೆದುಕೊಳ್ಳಬಹುದಾ ಎಂದೂ ಕೇಳಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದರೆ ಮುಚ್ಚಿಡಬೇಡಿ. ಮಾತ್ರೆ ಆಮೇಲಿನ ಹೊಟ್ಟೆ ಹಿಡಿತಕ್ಕೆ ಒಳ್ಳೆಯದು. ಕೊಕ್ಕೆ ಹಿಡಿಯುವ ನೋವಿಗೆ ಅದೊಂದನ್ನೇ ನಂಬಬೇಡಿ.

ಇದನ್ನು ಕೇಳುವುದು ಅಧಿಕಪ್ರಸಂಗ ಅಂತ ಅನಿಸಿದರೆ ಇದು ನೆನಪಿರಲಿ. ಓಪಿಡಿಯ ಹಿಸ್ಟರೋಸ್ಕೋಪಿಯಲ್ಲಿ ನೋವು ಕಡಿಮೆ ಮಾಡುವ ಬಗ್ಗೆ, ಆಯ್ಕೆಗಳನ್ನು ಮೊದಲೇ ತಿಳಿಸುವ ಬಗ್ಗೆ ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2023ರಲ್ಲಿ ಬೇರೆಯಾಗಿಯೇ ಸೂಚನೆ ಹೊರಡಿಸಿದೆ. ಅಮೆರಿಕದ ಎಸಿಒಜಿ ಎಂಬ ತಜ್ಞರ ಸಂಸ್ಥೆಯೂ 2025ರಲ್ಲಿ ಬಯಾಪ್ಸಿ, ಐಯುಡಿ, ಹಿಸ್ಟರೋಸ್ಕೋಪಿ ಎಲ್ಲಕ್ಕೂ ನೋವಿನ ಬಗ್ಗೆ ಮೊದಲೇ ಮಾತಾಡಿ, ಪರಿಹಾರಗಳನ್ನು ಮುಂದಿಡಬೇಕು ಎಂದಿದೆ. ನೀವು ಕೇಳುತ್ತಿರುವುದು ಡಾಕ್ಟರುಗಳೇ ಡಾಕ್ಟರುಗಳಿಗೆ ಹೇಳಿದ್ದನ್ನು.

ಒಳಗೆ ಹೋದ ಮೇಲೆ, ಮಲಗುವ ಮುಂಚೆ, ಕೂತಿರುವಾಗಲೇ ಹೇಳಿ: "ನಾನು ನಿಲ್ಲಿಸಿ ಅಂದರೆ ನಿಲ್ಲಿಸಬೇಕು." ಅವರು ಹೂಂ ಅನ್ನುವವರೆಗೆ ಮಲಗಬೇಡಿ. ನೋವಾದರೆ ಸಂಖ್ಯೆಯಲ್ಲಿ ಹೇಳಿ. ಆರು, ಎಂಟು. "ಸ್ವಲ್ಪ" ಬೇಡ, "ಪರವಾಗಿಲ್ಲ" ಬೇಡ. ಉಸಿರಾಟ ಬೇಕಾದರೆ ಮಾಡಿ, ಆದರೆ ನೋವು ಮುಚ್ಚಿಡುವುದಕ್ಕೆ ಮಾಡಬೇಡಿ. ಕೂಗು ಬಂದರೆ ಕೂಗಿ.

ಮುಗಿದ ಮೇಲೆ ಇನ್ನೊಂದು ಕೆಲಸ ಇದೆ. ಹೊರಡುವ ಮುಂಚೆ ಫೈಲ್‌ನಲ್ಲಿ ಏನು ಬರೆದಿದ್ದಾರೆ ಎಂದು ಓದಿ, ಅರ್ಥವಾಗದಿದ್ದರೆ ಓದಿಸಿ. ನೋವಾಗಿದ್ದರೆ ಎಷ್ಟಾಯಿತು ಎಂದು ಬರೆಸಿ. ನನ್ನ ಮೂರನೇ ಡಾಕ್ಟರ್ ನಾನು ಕೇಳಿದ್ದಕ್ಕೆ ಬರೆದುಕೊಟ್ಟರು: ಹಿಂದೆ ಎರಡು ಸಲ ತೀವ್ರ ನೋವು, ಒಮ್ಮೆ ಪ್ರಜ್ಞೆ ತಪ್ಪಿದೆ, ನೋವಿಗೆ ಔಷಧಿ ಕೊಡದೆ ಮಾಡಬಾರದು. ಹೋದ ವರ್ಷ ಮತ್ತೆ ಒಂದು ಬಯಾಪ್ಸಿ ಬೇಕಾಯಿತು. ನನ್ನನ್ನು ಎಂದೂ ನೋಡದ ಡಾಕ್ಟರ್. ಫೈಲ್ ತೆರೆದರು, ಆ ಸಾಲು ಓದಿದರು, ಸಿಸ್ಟರ್‌ಗೆ ಮೊದಲು ಮರಗಟ್ಟುವ ಇಂಜೆಕ್ಷನ್ ತರಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಅಕ್ಕ ಒಳಗೇ ಇರಲಿ ಎಂದರು.