ಜನವರಿಯ ರಷ್ಯಾ: ರೂಮ್ ಹೀಟರ್, ರೈಲು, ಬಾಡಿಗೆ ಕಾರು ಕೇಳಿದ್ದವರಿಗೆ

ಸರ್, ನೀವು ಕೇಳಿದ್ದು ಮೂರು. ಕಜಾನ್‌ನಲ್ಲಿ ಎಂಬಿಬಿಎಸ್ ಓದುತ್ತಿರುವ ಮಗನ ಹತ್ತಿರ ಜನವರಿಯಲ್ಲಿ ಹೋಗುವಾಗ ರೂಮ್ ಹೀಟರ್, ಇಂಡಕ್ಷನ್ ಒಲೆ ಒಯ್ಯಬೇಕೇ? ಅಲ್ಲಿಂದ ಇರ್ಕುಟ್ಸ್ಕ್‌ಗೆ ಮೂರು ದಿನ ರೈಲಿನಲ್ಲಿ ಚಳಿ ತಡೆಯಬಹುದೇ? ಬೈಕಲ್ ಸರೋವರದ ದಡದ ಲಿಸ್ತ್ವ್ಯಾಂಕಕ್ಕೆ ಬಾಡಿಗೆ ಕಾರು ತಗೊಳ್ಳಬಹುದೇ?

ಹೀಟರ್ ಬೇಡವೇ ಬೇಡ. ಅಲ್ಲಿನ ಊರುಗಳಲ್ಲಿ ಮನೆ ಬೆಚ್ಚಗಾಗುವುದು ಕರೆಂಟಿನಿಂದಲ್ಲ, ಬಿಸಿನೀರಿನಿಂದ. ಊರಂಚಿನಲ್ಲಿ ವಿದ್ಯುತ್ ಸ್ಥಾವರ ಇರುತ್ತದೆ, ಅದನ್ನು ‘ತೇತ್ಸ್’ ಅನ್ನುತ್ತಾರೆ. ಟರ್ಬೈನ್ ತಿರುಗಿಸಿ ಬಂದ ಹಬೆಯ ಶಾಖವನ್ನು ಗಾಳಿಗೆ ಬಿಡದೆ ನೀರಿಗೆ ಕೊಟ್ಟು, ಆ ನೀರನ್ನು ದಪ್ಪ ಪೈಪುಗಳಲ್ಲಿ ಊರಿಗೆಲ್ಲ ಕಳಿಸುತ್ತಾರೆ. ಹೊರಗೆ ಚಳಿ ಹೆಚ್ಚಿದಷ್ಟೂ ನೀರಿನ ಬಿಸಿ ಏರಿಸುತ್ತಾರೆ. ಕಟ್ಟಡದೊಳಗಿನ ರೇಡಿಯೇಟರಿಗೆ ಬರುವ ನೀರು ಕಡುಚಳಿಯಲ್ಲಿ 95 ಡಿಗ್ರಿವರೆಗೂ ಇರಬಹುದು. ರೇಡಿಯೇಟರನ್ನು ಅಲ್ಲಿ ‘ಬತರೇಯಾ’ ಅಂತಾರೆ, ಅದು ಸಾಮಾನ್ಯವಾಗಿ ಕಿಟಕಿಯ ಕೆಳಗೇ ಇರುತ್ತದೆ. ಗಾಜಿನಿಂದ ಕೆಳಗಿಳಿಯುವ ತಣ್ಣನೆ ಗಾಳಿಯನ್ನು ಅಲ್ಲೇ ತಡೆದು ಮೇಲೇರಿಸಲಿ ಅಂತ.

ಕೋಣೆಯಲ್ಲಿ ಕನಿಷ್ಠ 18 ಡಿಗ್ರಿ ಇರಲೇಬೇಕು, ಮೂಲೆಯ ಕೋಣೆಯಾದರೆ 20, ಅನ್ನುವುದು ನಿಯಮ. ವಾಸ್ತವದಲ್ಲಿ 23–24 ಇರುವುದೇ ಹೆಚ್ಚು. ಹಳೆಯ ಕಟ್ಟಡಗಳಲ್ಲಿ ಶಾಖ ತಗ್ಗಿಸುವ ತಿರುಪೇ ಇರುವುದಿಲ್ಲ, ಸೆಕೆಯಾದರೆ ಕಿಟಕಿಯ ಮೇಲ್ಭಾಗದ ಪುಟ್ಟ ಬಾಗಿಲು (‘ಫೋರ್ತೊಚ್ಕಾ’) ತೆರೆಯುತ್ತಾರೆ. ಹಾಗಾಗಿ ಒಂದೇ ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ಒಳ್ಳೆಯದು. ಅಂಗಡಿ, ಮೆಟ್ರೋ, ಬಸ್ಸು ಹೊಕ್ಕಾಗೆಲ್ಲ ಒಂದೊಂದು ಬಿಚ್ಚಬೇಕಾಗುತ್ತದೆ. ಬೆವತ ಮೈಯಲ್ಲಿ ಮೈನಸ್ 20ಕ್ಕೆ ಹೊರಬಿದ್ದರೆ ಅದೇ ನಿಜವಾದ ಅಪಾಯ.

ನಲ್ಲಿಯ ಬಿಸಿನೀರಿನ ಬಗ್ಗೆ ಮಗನಿಗೂ ಹೇಳಿ: ಅದು 60ರಿಂದ 75 ಡಿಗ್ರಿ ಇರಬೇಕೆಂಬುದು ನಿಯಮ. ನಮ್ಮ ಗೀಸರ್ ನೀರಿನ ಅಂದಾಜಿನಲ್ಲಿ ಕೈಯೊಡ್ಡಿದರೆ ಸುಡುತ್ತದೆ. ತಣ್ಣೀರು ಮೊದಲು ತಿರುಗಿಸಿ, ಆಮೇಲೆ ಬಿಸಿ ಬೆರೆಸಿ.

ಈ ವ್ಯವಸ್ಥೆಗೆ ಎರಡು ಕೊರತೆ ಇವೆ, ಎರಡೂ ಜನವರಿಯಲ್ಲಿ ಬರುವುದಿಲ್ಲ. ಹೊರಗಿನ ದಿನದ ಸರಾಸರಿ ಸತತ ಐದು ದಿನ 8 ಡಿಗ್ರಿಗಿಂತ ಕೆಳಗಿಳಿದ ಮೇಲೆಯೇ ಶಾಖ ಬಿಡುವುದು. ಹಾಗಾಗಿ ಮನೆಯೊಳಗೆ ಹೆಚ್ಚು ನಡುಗಿಸುವುದು ಜನವರಿಯಲ್ಲ, ಸೆಪ್ಟೆಂಬರ್ ಕೊನೆಯ ವಾರಗಳು. ದಪ್ಪ ರಗ್ಗು ಮಗನಿಗೆ ಬೇಕಾಗುವುದು ಆಗಲೇ. ಇನ್ನೊಂದು, ಬೇಸಿಗೆಯಲ್ಲಿ ಪೈಪು ಪರೀಕ್ಷೆಗೆಂದು ಹತ್ತರಿಂದ ಹದಿನಾಲ್ಕು ದಿನ ಬಿಸಿನೀರು ನಿಲ್ಲಿಸುತ್ತಾರೆ. ಆ ದಿನಗಳಿಗೆ ಒಂದು ಕೆಟಲ್, ಒಂದು ಬಕೆಟ್ ಸಾಕು.

ಅನೇಕ ಊರುಗಳಲ್ಲಿ ಈ ಪೈಪುಗಳು ನೆಲದ ಮೇಲೇ ಹರಿದು, ಅಲ್ಲಲ್ಲಿ ಬಾಗಿಲ ಚೌಕಟ್ಟಿನಂತೆ ಮೇಲೆದ್ದು ಮತ್ತೆ ಕೆಳಗಿಳಿಯುತ್ತವೆ. ವಾಹನ ಹೋಗಲಿ ಅಂತ ಮಾತ್ರ ಅಲ್ಲ. 100 ಮೀಟರ್ ಉಕ್ಕಿನ ಪೈಪು 100 ಡಿಗ್ರಿ ಬಿಸಿಯಾದರೆ ಸುಮಾರು 12 ಸೆಂಟಿಮೀಟರ್ ಉದ್ದವಾಗುತ್ತದೆ. ನೇರ ಪೈಪಾದರೆ ಬೆಸುಗೆ ಕಿತ್ತುಹೋಗುತ್ತದೆ, ಚೌಕಟ್ಟಿನಂತೆ ಬಾಗಿಸಿದರೆ ಆ ಹಿಗ್ಗುವಿಕೆಯನ್ನು ಬಾಗುಗಳು ನುಂಗಿಕೊಳ್ಳುತ್ತವೆ. ಕಜಾನ್‌ನಲ್ಲಿ ಕಣ್ಣಿಗೆ ಬಿದ್ದರೆ ನಿಂತು ನೋಡಿ, ಅಚ್ಚುಕಟ್ಟಾದ ಉಪಾಯ.

ಒಳಗಿನ ಗಾಳಿ ಮಾತ್ರ ವಿಪರೀತ ಒಣ. ಮೈನಸ್ 25ರ ಒಂದು ಘನಮೀಟರ್ ಗಾಳಿ ಹಿಡಿದಿಡುವ ನೀರು ಅರ್ಧ ಗ್ರಾಂ ಚಿಲ್ಲರೆ, ಅದೇ ಗಾಳಿ 23 ಡಿಗ್ರಿಗೆ ಬಂದರೆ 20 ಗ್ರಾಂವರೆಗೆ ಹಿಡಿಯಬಲ್ಲದು. ಆ ಕೊರತೆಯನ್ನು ನಿಮ್ಮ ಚರ್ಮ, ಮೂಗಿನಿಂದ ಎಳೆದುಕೊಳ್ಳುತ್ತದೆ. ರಾತ್ರಿ ರೇಡಿಯೇಟರಿನ ಮೇಲೆ ಒದ್ದೆ ಟವೆಲ್ ಹಾಕಿ, ಮೂಗಿನೊಳಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಪ್ಲಗ್ಗಿನ ವಿಷಯ. ಅಲ್ಲಿಯೂ 220–230 ವೋಲ್ಟ್, 50 ಹರ್ಟ್ಸ್. ನಮ್ಮ ಮೊಬೈಲ್ ಚಾರ್ಜರಿನ ತೆಳ್ಳನೆಯ ಎರಡು ಪಿನ್ ಸಾಮಾನ್ಯವಾಗಿ ಹಾಗೇ ಕೂರುತ್ತದೆ. ಮೂರು ಪಿನ್ನಿನದು ಹೋಗುವುದಿಲ್ಲ. ಇಂಡಕ್ಷನ್ 2,000 ವ್ಯಾಟ್ ಎಂದರೆ 9 ಆಂಪಿಯರ್ ಹತ್ತಿರ, ಅಗ್ಗದ ಯೂನಿವರ್ಸಲ್ ಅಡಾಪ್ಟರ್ 6 ಆಂಪಿಯರಿನದು. ಅದರ ಹಿತ್ತಾಳೆ ಪಟ್ಟಿ ಕಾದು ಪ್ಲಾಸ್ಟಿಕ್ ಕರಗುತ್ತದೆ. ಹಾಸ್ಟೆಲ್‌ನಲ್ಲಿ ಅಡುಗೆಮನೆ ಇದ್ದರೆ ಕುಕ್ಕರ್ ಮಾತ್ರ ಒಯ್ಯಿರಿ, ಕೆಟಲ್ ಅಲ್ಲೇ ಕೊಳ್ಳಿ.

ಇನ್ನು ರೈಲು. ಇಲ್ಲಿ ನಿಮ್ಮ ಭಯ ಪೂರ್ತಿ ಬಿಡಿ, ಇಡೀ ಪ್ರಯಾಣದ ಅತಿ ಬೆಚ್ಚನೆಯ ಜಾಗವೇ ಬೋಗಿ. ಸಾಂಪ್ರದಾಯಿಕ ಬೋಗಿಯೊಂದಕ್ಕೆ ತನ್ನದೇ ಬಾಯ್ಲರ್ ಇರುತ್ತದೆ: ಎಂಜಿನ್ನಿನ ಕರೆಂಟಿನಲ್ಲೂ ಕಾಯುತ್ತದೆ, ಅದಿಲ್ಲದಾಗ ಕಲ್ಲಿದ್ದಲಿನಲ್ಲೂ ಕಾಯುತ್ತದೆ. ಮೈನಸ್ 35ರಲ್ಲಿ ಎಂಜಿನ್ ಬಿಚ್ಚಿ ನಿಲ್ಲಿಸಿದರೂ ಒಳಗಿನ ಪೈಪು ಹೆಪ್ಪುಗಟ್ಟಬಾರದಲ್ಲ, ಅದಕ್ಕೆ ಈ ಎರಡು ದಾರಿ. ಬೋಗಿಗೊಬ್ಬಳು ಪರಿಚಾರಕಿ, ‘ಪ್ರೊವೊದ್ನೀತ್ಸಾ’, ಅದನ್ನು ನೋಡಿಕೊಳ್ಳುತ್ತಾಳೆ. ಬೋಗಿಯ ತುದಿಯಲ್ಲಿ ಕುದಿನೀರಿನ ಡ್ರಮ್ಮು ‘ಟೈಟಾನ್’ ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಗಟ್ಟಿ ಅವಲಕ್ಕಿಗೆ ಕುದಿನೀರು ಸುರಿದು ಐದು ನಿಮಿಷ ಮುಚ್ಚಿಟ್ಟು, ಮನೆಯಲ್ಲೇ ಹುರಿದು ತಂದ ಒಗ್ಗರಣೆ ಪುಡಿ ಕಲಸಿದರೆ ಆಯಿತು. ಸ್ಟೀಲ್ ಲೋಟ ಬೇಡ, ತುಟಿ ಸುಡುತ್ತದೆ. ಹಿಡಿಯಿರುವ ಮಗ್ ಒಯ್ಯಿರಿ.

ಕೆಟಲ್, ಇಮ್ಮರ್ಶನ್ ಕಾಯಿಲ್ ಬೋಗಿಯ ಸಾಕೆಟ್ಟಿಗೆ ಹಾಕಬೇಡಿ. ಆ ಕರೆಂಟು ಸಾಮಾನ್ಯವಾಗಿ ಚಕ್ರದ ಅಚ್ಚಿನಿಂದ ತಿರುಗುವ ಜನರೇಟರು, ಬ್ಯಾಟರಿಯದು. ಮೊಬೈಲ್ ಚಾರ್ಜಿಗಷ್ಟೇ ಸಾಲುತ್ತದೆ.

‘ಪ್ಲಾಟ್ಸ್‌ಕಾರ್ತ್’ ನಮ್ಮ ಸ್ಲೀಪರಿನಂತೆ ತೆರೆದ ಬೋಗಿ, 54 ಬರ್ತ್. ‘ಕುಪೆ’ ನಾಲ್ಕು ಬರ್ತಿನ ಮುಚ್ಚಿದ ಕೋಣೆಗಳದು, 36 ಬರ್ತ್. ಬೆಸ ಸಂಖ್ಯೆ ಕೆಳಗಿನದು, ಸರಿ ಸಂಖ್ಯೆ ಮೇಲಿನದು. ಪ್ಲಾಟ್ಸ್‌ಕಾರ್ತ್‌ನಲ್ಲಿ 37, 38 ಶೌಚಾಲಯದ ಪಕ್ಕದ ಅಡ್ಡ ಬರ್ತುಗಳು, ತಪ್ಪಿಸಿ. 2018ರ ಆಗಸ್ಟ್‌ನಿಂದ ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯ ಹಾಕುತ್ತಾರೆ, ಅದಕ್ಕೂ ಮೊದಲಿನ ಹಳೆಯ ಬರಹಗಳಲ್ಲಿ ಎಲ್ಲಕ್ಕೂ ಮಾಸ್ಕೋ ಸಮಯ ಅಂತಿರುತ್ತದೆ, ನಂಬಬೇಡಿ. ಕಜಾನ್ ನಮಗಿಂತ ಎರಡೂವರೆ ಗಂಟೆ ಹಿಂದೆ, ಇರ್ಕುಟ್ಸ್ಕ್ ಎರಡೂವರೆ ಗಂಟೆ ಮುಂದೆ. ಯೆಕತೆರಿನ್‌ಬುರ್ಗ್‌ನಲ್ಲಿ ಗಾಡಿ ಬದಲಿಸುವುದಾದರೆ ಅದು ಕಜಾನ್‌ಗಿಂತ ಎರಡು ಗಂಟೆ ಮುಂದಿದೆ, ಲೆಕ್ಕ ತಪ್ಪಿದರೆ ಗಾಡಿ ತಪ್ಪುತ್ತದೆ.

ಕಾರಿನ ವಿಷಯಕ್ಕೆ ನನ್ನ ಮಾತು ನೇರ: ಹಿಮದಲ್ಲಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಬೇಡ. ಆದರೂ ತಗೊಳ್ಳುವುದಾದರೆ ಪೆಟ್ರೋಲ್ ಗಾಡಿಯೇ ಕೇಳಿ. ಬೇಸಿಗೆ ಡೀಸೆಲ್ಲಿನಲ್ಲಿರುವ ಮೇಣ ಮೈನಸ್ ಐದಾರು ಡಿಗ್ರಿಯಲ್ಲೇ ಹರಳುಗಟ್ಟಿ ಫಿಲ್ಟರ್ ಕಟ್ಟಿಸುತ್ತದೆ. ಅದಕ್ಕೇ ಅಲ್ಲಿ ಬೇಸಿಗೆ, ಚಳಿಗಾಲ, ಆರ್ಕ್ಟಿಕ್ ಎಂದು ಬೇರೆಬೇರೆ ಡೀಸೆಲ್. ಬಂಕಿನಲ್ಲಿ ಬಹಳ ಕಡೆ ಮೊದಲು ಕ್ಯಾಶ್ ಕೌಂಟರಿಗೆ ಹೋಗಿ ಪಂಪ್ ಸಂಖ್ಯೆ, ಎಷ್ಟು ಲೀಟರ್, ಪೆಟ್ರೋಲಿನ ದರ್ಜೆ (ಆಕ್ಟೇನ್) 92ಓ 95ಓ ಹೇಳಿ ದುಡ್ಡು ಕಟ್ಟಬೇಕು, ಆಮೇಲೆ ಪೆಟ್ರೋಲ್ ಬರುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಚಳಿಗಾಲದ ಟೈರು ಕಡ್ಡಾಯ, ಗೆರೆಯ ಆಳ 4 ಮಿಲಿಮೀಟರಿಗೆ ಕಡಿಮೆ ಇರಬಾರದು. ಗಾಡಿ ಪಡೆಯುವಾಗಲೇ ಅಳೆಯಿರಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆ ಲೈನಿಂಗ್ ಡ್ರಮ್ಮಿಗೆ ಅಂಟಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಚಕ್ರ ತಿರುಗುವುದಿಲ್ಲ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಡಿ. ಗಾಜಿನ ಮಂಜಿಗೆ ಬಿಸಿನೀರು ಸುರಿದರೆ ಗಾಜೇ ಸೀಳುತ್ತದೆ.

ಲಿಸ್ತ್ವ್ಯಾಂಕದ ಮರದ ಮನೆಯಲ್ಲಿ ಸೌದೆ ಒಲೆ ಇದ್ದರೆ ಒಂದು ಎಚ್ಚರ. ಶಾಖ ಉಳಿಯಲೆಂದು ಹೊಗೆಗೂಡಿನ ತಗಡು ಮುಚ್ಚುವ ಪದ್ಧತಿ ಇದೆ. ಕೆಂಡದ ಮೇಲೆ ನೀಲಿ ಜ್ವಾಲೆ ಆಡುತ್ತಿರುವಾಗ ಮುಚ್ಚಿದರೆ ವಿಷಾನಿಲ ಕೋಣೆಗೆ ನುಗ್ಗುತ್ತದೆ, ಮಲಗಿದವರು ಏಳುವುದಿಲ್ಲ. ಕೆಂಡ ಕಪ್ಪಾಗುವವರೆಗೂ ತೆರೆದಿರಲಿ, ಅಥವಾ ಮನೆಯವರಿಗೇ ಬಿಡಿ. ಸರೋವರದ ಮಂಜುಗಡ್ಡೆ ಮೇಲೆ ಜನವರಿಯಲ್ಲಿ ಕಾಲಿಡಬೇಡಿ. ದಕ್ಷಿಣ ಬೈಕಲ್ ಹೆಪ್ಪುಗಟ್ಟಲು ಶುರುವಾಗುವುದೇ ಆ ತಿಂಗಳಲ್ಲಿ, ಅಂಗಾರಾ ನದಿ ಹೊರಬೀಳುವ ಆ ಬಾಯಿಯಂತೂ ಚಳಿಗಾಲದಲ್ಲೂ ಗಟ್ಟಿಯಾಗುವುದಿಲ್ಲ.

ಇರ್ಕುಟ್ಸ್ಕ್‌ನಿಂದ ಅಲ್ಲಿಗೆ ಸುಮಾರು 70 ಕಿಲೋಮೀಟರ್. ‘ಮರ್ಶ್ರೂತ್ಕಾ’ ಮಿನಿಬಸ್ಸುಗಳಿವೆ, ಅದೇ ಸಾಕು. ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ಡಾಲರ್ ಅಥವಾ ಯೂರೋ ನಗದು ಒಯ್ದು ಕಜಾನ್‌ನಲ್ಲೇ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಿ. ಮಡಚಿದ, ಗೀಚಿದ ನೋಟು ತೆಗೆದುಕೊಳ್ಳಲು ತಕರಾರು ಮಾಡುತ್ತಾರೆ, ಇಲ್ಲಿಂದಲೇ ಹೊಸ ನೋಟು ಕೇಳಿ ಪಡೆಯಿರಿ.