ಮೊದಲು ಮಲಗಿದವಳನ್ನು ತೋರಿಸಿ

ನಮಸ್ಕಾರ.

ಸ್ತನ ಕ್ಯಾನ್ಸರ್‌ನ ರೇಡಿಯೋಥೆರಪಿಯಲ್ಲಿ ರೋಗಿಯನ್ನು ಕರಾರುವಾಕ್ಕಾಗಿ ಮಲಗಿಸುವುದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಕೈಬಿಡಲೂ ಮನಸ್ಸಿಲ್ಲ, ತಿದ್ದಿ ಕಳಿಸಿ. ಈ ಚಿಕಿತ್ಸೆಗೆ ಹೋಗುವ ಮುನ್ನ ಇಂಥದ್ದನ್ನು ಓದಿಕೊಳ್ಳಬೇಕಾದವರು ಬಹಳ ಮಂದಿ ಇದ್ದಾರೆ.

ಮುಕ್ಕಾಲು ಲೇಖನ ಯಂತ್ರದ ವರ್ಣನೆಯೇ ಆಗಿದೆ. ಮಲಗಿದ ಹೆಂಗಸು ಬರುವುದು ಕೊನೆಯ ಪುಟದಲ್ಲಿ, ಅದೂ ‘ರೋಗಿಯನ್ನು ಸೂಕ್ತವಾಗಿ ಮಲಗಿಸಲಾಗುತ್ತದೆ’ ಎಂಬ ಒಂದೇ ವಾಕ್ಯದಲ್ಲಿ. ನಿಮ್ಮ ನಿಜವಾದ ಲೇಖನ ಇರುವುದು ಆ ವಾಕ್ಯದೊಳಗೆ. ಬ್ರೆಸ್ಟ್ ಬೋರ್ಡಿನ (ಮೈ ಮತ್ತು ತೋಳಿಗೆ ಆಧಾರ ಕೊಡುವ ಹಲಗೆಯ) ಮೇಲೆ ಅಂಗಾತ, ತೋಳು ತಲೆಯ ಮೇಲಕ್ಕೆ, ಎದೆ ಬಿಟ್ಟುಕೊಂಡು, ಚಿಕಿತ್ಸೆಯ ಯೋಜನೆಗಾಗಿ ಸಿಟಿ ಸ್ಕ್ಯಾನ್ ಮಾಡಿದ ದಿನ ಹೇಗಿದ್ದಳೋ ಪ್ರತಿದಿನವೂ ಹಾಗೆಯೇ ಮಲಗಬೇಕು. ಕಂಕುಳಿನ ಗ್ರಂಥಿ ತೆಗೆದ ಮೇಲೆ ತೋಳು ಬಿಗಿದುಕೊಂಡಿರುತ್ತದೆ. ನೋಯುವ ಭುಜ ತಾನಾಗಿಯೇ ಸಡಿಲಾಗುತ್ತದೆ, ತೋಳು ಸರಿದಂತೆ ಸ್ತನವೂ ಸರಿಯುತ್ತದೆ. ಸ್ಕ್ಯಾನ್‌ಗೆ ಮೊದಲು ಮಾಡಿಸುವ ತೋಳಿನ ವ್ಯಾಯಾಮವೂ ನಿಖರತೆಯ ಭಾಗವೇ. ಅದರ ಸುಳಿವೇ ನಿಮ್ಮಲ್ಲಿಲ್ಲ.

ಗುರುತಿಗೆಂದು ಹಾಕಿದ ಹಚ್ಚೆಯ ಚುಕ್ಕಿ ಕೋಣೆಯ ಲೇಸರ್ ಬೆಳಕಿನ ಗೆರೆಗೆ ಕೂಡಿದರೆ ಕೆಲಸ ಮುಗಿಯಿತು ಎಂದಿದ್ದೀರಿ. ಮುಗಿಯುವುದಿಲ್ಲ. ಚುಕ್ಕಿ ಇರುವುದು ಚರ್ಮದ ಮೇಲೆ, ಪಕ್ಕೆಲುಬಿನ ಮೇಲಲ್ಲ. ಸ್ತನ ಊದಿಕೊಳ್ಳಬಹುದು, ಶಸ್ತ್ರಚಿಕಿತ್ಸೆಯ ಜಾಗದಲ್ಲಿ ತುಂಬಿದ ದ್ರವ ಇಂಗಬಹುದು. ಚುಕ್ಕಿಗಳೆಲ್ಲ ಸರಿಯಾಗಿದ್ದೂ ಎದೆಗೂಡು ಕೆಲವು ಮಿಲಿಮೀಟರ್ ಆಚೀಚೆ ಇರಬಹುದು. ಎಕ್ಸ್-ರೇ, ಕೋನ್ ಬೀಮ್ ಸಿಟಿ (ಚಿಕಿತ್ಸೆಯ ಮೇಜಿನ ಮೇಲೇ ತೆಗೆಯುವ ಸಿಟಿ ಸ್ಕ್ಯಾನ್), ಮೈಯ ಮೇಲ್ಮೈ ನೋಡುವ ಕ್ಯಾಮೆರಾ ಬೇಕಾಗುವುದೇ ಇದಕ್ಕೆ. ನಿಮ್ಮ ಉಪಕರಣಗಳ ಪಟ್ಟಿಯನ್ನು ಇಲ್ಲಿಗೆ ತನ್ನಿ, ಆಗ ಅದಕ್ಕೊಂದು ಅರ್ಥ ಬರುತ್ತದೆ.

ನೀವು ಒಂದೇ ಸಾಲಿನಲ್ಲಿ ದಾಟಿಹೋದ, ಮಲಗಿಸುವಾಗಿನ ದೋಷಗಳ ವಿಚಾರಕ್ಕೆ ಎರಡು ಪುಟ ಕೊಡಿ. ಸ್ಕ್ಯಾನ್ ದಿನ ಹೆದರಿ ಭುಜ ಬಿಗಿಹಿಡಿದವಳು ಆಮೇಲೆ ರೂಢಿಯಾಗಿ ಸಡಿಲವಾಗಿ ಮಲಗಿದರೆ ವ್ಯತ್ಯಾಸ ದಿನವೂ ಒಂದೇ ದಿಕ್ಕಿಗೆ ಬೀಳುತ್ತದೆ. ಇದು ವ್ಯವಸ್ಥಿತ ದೋಷ. ಗುರಿಯ, ಅಂದರೆ ವಿಕಿರಣ ಬೀಳಬೇಕಾದ ಭಾಗದ, ಅದೇ ಬದಿಗೆ ದಿನವೂ ವಿಕಿರಣ ಕಡಿಮೆಯಾಗಬಹುದು. ಇವತ್ತು ಮೇಲಕ್ಕೆ, ನಾಳೆ ಕೆಳಕ್ಕೆ ಸರಿಯುವುದು ಯಾದೃಚ್ಛಿಕ ದೋಷ. ಅದು ವಿಕಿರಣ ಬೀಳುವ ಜಾಗದ ಗಡಿಯನ್ನು ಮಸುಕಾಗಿಸುತ್ತದೆ ಅಷ್ಟೆ. ವೈದ್ಯಕೀಯ ಭೌತವಿಜ್ಞಾನಿ ಮಾರ್ಸೆಲ್ ವಾನ್ ಹರ್ಕ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ಇಂಥ ಏರುಪೇರಿಗಾಗಿ ಗುರಿಯ ಸುತ್ತ ಬಿಡುವ ಹೆಚ್ಚುವರಿ ಅಂಚನ್ನು ಲೆಕ್ಕ ಹಾಕುವಾಗ ಮೊದಲನೆಯದಕ್ಕೆ 2.5ರ ತೂಕ, ಎರಡನೆಯದಕ್ಕೆ 0.7. ಯಾವುದು ಹೆಚ್ಚು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ. ಇನ್ನೊಂದು ಮಾತು: ಹಿಂದೆ 25 ದಿನ ಕೊಡುತ್ತಿದ್ದ ಚಿಕಿತ್ಸೆ 15ಕ್ಕೆ ಇಳಿಯಿತು. 2020ರಲ್ಲಿ ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನದ ಫಲಿತಾಂಶ ಬಂದ ಮೇಲೆ 5 ದಿನಗಳಲ್ಲಿ 26 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣದ ಅಳತೆ) ಕೊಡುವ ಕ್ರಮವೂ ಬಳಕೆಗೆ ಬಂತು. ದಿನಗಳು ಕಡಿಮೆಯಾದಷ್ಟೂ ಏರುಪೇರು ತಂತಾನೇ ಸರಿದೂಗುವ ಅವಕಾಶ ಕಡಿಮೆ. ಒಂದು ದಿನ ಮಲಗಿಸುವುದು ತಪ್ಪಿದರೆ ಚಿಕಿತ್ಸೆಯ ಐದರಲ್ಲೊಂದು ಪಾಲು ಗುರಿ ತಪ್ಪಿದಂತೆ. ಇಂದು ಈ ವಿಷಯ ಬರೆಯುವ ಯಾರೂ ಇದನ್ನು ಬಿಡಬಾರದು.

‘ಉಸಿರಾಡದೆ ಮಲಗಬೇಕು’ ಎಂಬುದನ್ನು ದಯವಿಟ್ಟು ತೆಗೆಯಿರಿ. ಓದಿದವರು ಹೆದರುತ್ತಾರೆ, ಅದು ತಪ್ಪು ಕೂಡ. ಎಷ್ಟೋ ಮಂದಿ ಸಹಜವಾಗಿ ಉಸಿರಾಡುತ್ತಲೇ ಚಿಕಿತ್ಸೆ ಪಡೆಯುತ್ತಾರೆ. ಮುಖ್ಯವಾಗಿ ಎಡ ಸ್ತನದ ಚಿಕಿತ್ಸೆಯಲ್ಲಿ, ಆಳವಾಗಿ ಉಸಿರೆಳೆದು ಸ್ವಲ್ಪ ಹೊತ್ತು ಹಿಡಿದಿಡುವ ವಿಧಾನವಿದೆ. ಶ್ವಾಸಕೋಶ ಹಿಗ್ಗಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಹೃದಯಕ್ಕೆ ಬೀಳುವ ಸರಾಸರಿ ವಿಕಿರಣ ಒಂದೊಂದು ಗ್ರೇ ಹೆಚ್ಚಿದಂತೆಲ್ಲ ಗಂಭೀರ ಹೃದಯಾಘಾತದಂಥ ಘಟನೆಗಳ ಅಪಾಯ ಶೇ 7.4ರಷ್ಟು ಏರುತ್ತದೆ ಎಂದು 2013ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕಿ ಸಾರಾ ಡಾರ್ಬಿ ಅವರ ತಂಡ ತೋರಿಸಿತ್ತು. ಉಸಿರು ಹಿಡಿಯುವುದು ಏಕೆ ಎಂದು ತಿಳಿದರೆ ಓದುವವಳು ಅದನ್ನು ಮನಸ್ಸಿಟ್ಟು ಕಲಿಯುತ್ತಾಳೆ.

‘ಶೇ 100 ನಿಖರ’ ಎಂಬ ಮಾತೂ ಹೋಗಲಿ. ಹಾಗಿದ್ದರೆ ಗುರಿಯ ಸುತ್ತ ಅಂಚು ಬಿಡುವ ಅಗತ್ಯವೇ ಇರುತ್ತಿರಲಿಲ್ಲ.

ತಿದ್ದುವ ಮೊದಲು, ದಿನವೂ ರೋಗಿಗಳನ್ನು ಮಲಗಿಸುವ ರೇಡಿಯೋಥೆರಪಿ ತಂತ್ರಜ್ಞರೊಬ್ಬರನ್ನು ಮಾತಾಡಿಸಿ. ಮಲಗಿದವಳು ಯಾವಾಗ ಬಾಯಿಬಿಟ್ಟು ಹೇಳಬೇಕು, ತೋಳು ನೋಯುತ್ತಿದ್ದರೆ, ತಣ್ಣನೆಯ ಕೋಣೆಯಲ್ಲಿ ನಡುಗುತ್ತಿದ್ದರೆ ಏನು ಮಾಡಬೇಕು ಎಂದು ಕೇಳಿ ಬರೆಯಿರಿ. ಎರಡನೆಯ ಕರಡನ್ನು ನೇರವಾಗಿ ನನಗೇ ಕಳಿಸಿ.